ಭಾನುವಾರ ಒಂಬತ್ತೂವರೆಗೆ

ಒಂದು ಸಣ್ಣ ಲೆಕ್ಕ ಹಾಕೋಣವೇ? ಈಗ ನಿಮ್ಮ ಮನೆಯಲ್ಲಿ ಎಷ್ಟು ಪರದೆಗಳಿವೆ, ಎಣಿಸಿ ನೋಡಿ. ಹಾಲಿನ ಗೋಡೆಗೆ ಅಂಟಿಕೊಂಡ ಟಿ.ವಿ. ಒಂದು. ಯಜಮಾನರ ಕೈಯಲ್ಲೊಂದು ಮೊಬೈಲು, ನಿಮ್ಮದೊಂದು, ಮಗಳದೊಂದು, ಮಗನದೊಂದು. ಮೇಲೊಂದು ಲ್ಯಾಪ್‌ಟಾಪು. ನಾಲ್ಕು ಜನರ ಸಂಸಾರಕ್ಕೆ ಆರು ಪರದೆ! ಆದರೂ ರಾತ್ರಿ ಊಟದ ಹೊತ್ತಿಗೆ "ಇವತ್ತು ಏನು ನೋಡಿದೆ?" ಎಂದು ಕೇಳಿದರೆ ಒಬ್ಬರು ನೋಡಿದ್ದನ್ನು ಇನ್ನೊಬ್ಬರು ನೋಡಿರುವುದಿಲ್ಲ.

ಎಂಬತ್ತರ ದಶಕದಲ್ಲಿ ನಾನು ಬೆಳೆದ ಬೆಂಗಳೂರಿನ ವಠಾರದಲ್ಲಿ ಏಳು ಮನೆ, ಮೂವತ್ತನಾಲ್ಕು ಜನ, ಒಂದು ನಲ್ಲಿ, ಒಂದು ಟಿ.ವಿ. ಇತ್ತು. ನೀರಿಗೆ ಜಗಳವಾಗುತ್ತಿತ್ತು, ಟಿ.ವಿ.ಗೆ ಆಗುತ್ತಿರಲಿಲ್ಲ. ಅದು ಹೇಗೆ ಎಂದು ಈಗಿನ ಮಕ್ಕಳು ಕೇಳುತ್ತಾರೆ. ಅದನ್ನೇ ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ. ಆ ಧಾರಾವಾಹಿಗಳೆಲ್ಲ ಚಿನ್ನ, ಈಗಿನವೆಲ್ಲ ಹಿತ್ತಾಳೆ ಎಂಬ ಮಾತು ನನ್ನದಲ್ಲ. ಆಗಿನದರಲ್ಲೂ ತೂಕಡಿಕೆ ಬರಿಸುವಂಥವು ಬೇಕಾದಷ್ಟಿದ್ದವು. ನಾನು ಹೇಳಹೊರಟಿದ್ದು, ಆ ಪೆಟ್ಟಿಗೆಯ ಮುಂದೆ ನಮ್ಮ ಅಮ್ಮಂದಿರಿಗೆ ಸಿಕ್ಕ ಒಂದು ಗಂಟೆಯ ಕಥೆ.

ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಭಾರತಕ್ಕೆ ಟೆಲಿವಿಷನ್ ಬಂದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ನಮ್ಮ ರಾಜ್ಯದಲ್ಲಿ ಅದನ್ನು ಮೊದಲು ಕಂಡವರು ಬೆಂಗಳೂರಿನವರಲ್ಲ ಎಂದರೆ ನಿಮಗೆ ಆಶ್ಚರ್ಯವಾದೀತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳಿಸಿದರು. 'ಸೈಟ್' ಎಂದು ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ಆ ಭಾಗ್ಯ ಸಿಕ್ಕಿದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ದೊಡ್ಡ ಬಾಣಲೆಯಂಥ ಆಂಟೆನಾ, ಊರಿಗೊಂದು ಸಾರ್ವಜನಿಕ ಟಿ.ವಿ. ಬೆಳಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು. ಹೀಗೆ ಮೊದಲಿನಿಂದಲೂ ಟಿ.ವಿ. ಎಂದರೆ ಹತ್ತು ಜನ ಸೇರಿ ನೋಡುವ ವಸ್ತುವೇ ಆಗಿತ್ತು.

ಬೆಂಗಳೂರಿನ ಮನೆಗಳಿಗೆ ಟಿ.ವಿ. ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. 1982ರ ಆಗಸ್ಟ್ 15ರಂದು ದೂರದರ್ಶನಕ್ಕೆ ಬಣ್ಣ ಬಂತು. ಅದೇ ವರ್ಷ ನವೆಂಬರಿನಲ್ಲಿ ದೆಹಲಿ ಏಷ್ಯಾಡ್ ನಡೆದಾಗ ಅನುಕೂಲಸ್ಥರು ಬಣ್ಣದ ಟಿ.ವಿ. ತಂದರು. ನಮ್ಮ ವಠಾರದ ಓನರಮ್ಮನ ಮನೆಗೆ ಬಂದದ್ದು ಕಪ್ಪು ಬಿಳುಪಿನದು. ಮರದ ಪೆಟ್ಟಿಗೆ, ಅದಕ್ಕೆ ಎಳೆಯುವ ಬಾಗಿಲು, ಬಾಗಿಲಿಗೊಂದು ಬೀಗ, ಮೇಲೆ ಕ್ರೋಷಾ ಹಾಕಿದ ಬಟ್ಟೆ, ಆ ಬಟ್ಟೆಯ ಮೇಲೊಂದು ಪ್ಲಾಸ್ಟಿಕ್ ಹೂಜಿ. ಪಕ್ಕದಲ್ಲಿ ಗುಂಯ್ ಎನ್ನುವ ಸ್ಟೆಬಿಲೈಸರ್. ರೇಡಿಯೋಗೆ ಕಟ್ಟುವ ಹಾಗೆ ಟಿ.ವಿ.ಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಆ ಪದ್ಧತಿ ನಿಂತದ್ದು 1985ರಲ್ಲಿ.

ಮಳೆ ಗಾಳಿ ಬಂದರೆ ಪರದೆಯ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕಿ. ಆಗ ಓನರಮ್ಮನ ಮಗ ಮಹಡಿ ಹತ್ತಿ ಆಂಟೆನಾ ತಿರುಗಿಸಬೇಕು. ಮೆಟ್ಟಿಲ ಮೇಲೊಬ್ಬ, ಅಂಗಳದಲ್ಲೊಬ್ಬ, ಕಿಟಕಿಯ ಹತ್ತಿರ ಒಬ್ಬ ನಿಂತು ಸುದ್ದಿ ದಾಟಿಸಬೇಕು.

"ಬಂತಾ?"

"ಬಂತೂ... ಹೋಯ್ತು!"

"ಈಗ?"

"ಹಾಂ, ಸಾಕು ಸಾಕು, ಅಲ್ಲೇ ನಿಲ್ಸು!"

ಎಷ್ಟೋ ಸಲ ಅವನು ಇಳಿದು ಬರುವಷ್ಟರಲ್ಲಿ ಕಾರ್ಯಕ್ರಮವೇ ಮುಗಿದಿರುತ್ತಿತ್ತು, ಪಾಪ!

ಕಾರ್ಯಕ್ರಮ ಶುರುವಾಗುವ ಮೊದಲು ಆ ಎರಡು ಬಾಗಿದ ಗೆರೆಗಳು ಸುತ್ತಿ ಸುತ್ತಿ ಬಂದು ಕಣ್ಣಿನಂತೆ ನಿಲ್ಲುತ್ತಿದ್ದವಲ್ಲ, ನೆನಪಿದೆಯೇ? ಹಿಂದೆ ಕೇಳುತ್ತಿದ್ದ ಆ ರಾಗವನ್ನು ಸಂಯೋಜಿಸಿದವರು ಪಂಡಿತ್ ರವಿಶಂಕರ್. ಇಂದಿಗೂ ಆ ನಾದ ಕಿವಿಗೆ ಬಿದ್ದರೆ ಕೈಗೆ ಸಿಕ್ಕ ಕೆಲಸ ಅಲ್ಲೇ ಬಿಟ್ಟು ಓಡಬೇಕೆನಿಸುತ್ತದೆ.

ಚಿತ್ರಮಂಜರಿಯ ಕನ್ನಡ ಹಾಡು ಬರುವ ದಿನ ಯಾರಿಗೂ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ಹಿಂದಿಯದು. 1984ರ ಜುಲೈ 7ರಂದು 'ಹಮ್ ಲೋಗ್' ಶುರುವಾಯಿತು. ಮೆಕ್ಸಿಕೋ ದೇಶದಲ್ಲಿ ಧಾರಾವಾಹಿಗಳ ಮೂಲಕ ಕುಟುಂಬ ಯೋಜನೆಯ ಪ್ರಚಾರ ಮಾಡಿದ್ದನ್ನು ನೋಡಿ, ನಮ್ಮಲ್ಲೂ ಹಾಗೆ ಮಾಡಬೇಕೆಂದು ಹೊರಟು ಬರೆಸಿದ ಕಥೆ ಅದು. ಬರೆದವರು ಮನೋಹರ ಶ್ಯಾಮ ಜೋಶಿ. ಕುಡುಕ ಅಪ್ಪ, ಸಹಿಸಿಕೊಂಡೇ ಸವೆದ ಅಮ್ಮ, ಮದುವೆಯಾಗದ ಹಿರಿಮಗಳು ಬಡ್ಕಿ, ಸಿನಿಮಾ ಹುಚ್ಚಿನ ಮಝ್ಲಿ, ಡಾಕ್ಟರಾಗಬೇಕೆಂಬ ಛುಟ್ಕಿ... ನಮ್ಮ ವಠಾರದಲ್ಲಿ ಹಿಂದಿ ಬರುತ್ತಿದ್ದದ್ದು ಒಬ್ಬರಿಗೇ. ಮೂರನೇ ಮನೆಯ ಟೀಚರಮ್ಮ ಹಿಂದಿ ಪ್ರಚಾರದ ಪ್ರಥಮಾ, ಮಧ್ಯಮಾ ಎಂದು ಒಂದೊಂದೇ ಪರೀಕ್ಷೆ ಕಟ್ಟಿ ಪಾಸು ಮಾಡಿಕೊಂಡವರು. ಅವರಿಗೆ ಹಾಲಿನ ನಡುವೆ ಜಾಗ. ಮಾತು ಮುಗಿಯುವುದೇ ತಡ, ಅವರ ಅನುವಾದ ಶುರು.

"ಏನಂತಾಳೆ ಅವಳು?"

"ಮದುವೆಗೆ ಒಪ್ಪಲ್ಲ ಅಂತಾಳೆ ಕಣ್ರೀ."

"ಒಪ್ಪಬಾರ್ದು ಮತ್ತೆ! ಆ ಹುಡುಗನ ಮುಖ ನೋಡಿದ್ರೇ ಗೊತ್ತಾಗಲ್ವೇ?"

ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಬುದ್ಧಿಮಾತು ಹೇಳುತ್ತಿದ್ದರು. ಧಾರಾವಾಹಿಯ ಹೆಸರನ್ನು ಬೇರೆ ಬೇರೆ ಭಾರತೀಯ ಭಾಷೆಗಳಲ್ಲಿ ಹೇಳಿ ಮುಗಿಸುವುದೂ ಇತ್ತು. ಕನ್ನಡ ಬರುತ್ತದೆಯೇ ಎಂದು ನಾವು ಮಕ್ಕಳು ಉಸಿರು ಹಿಡಿದು ಕೂರುತ್ತಿದ್ದೆವು. 1985ರ ಡಿಸೆಂಬರಿನವರೆಗೆ ನೂರೈವತ್ತಕ್ಕೂ ಹೆಚ್ಚು ಕಂತು ನಡೆಯಿತು ಅದು. ಅದರ ಪ್ರಾಯೋಜಕರು ಮ್ಯಾಗಿಯವರು. ಎರಡು ನಿಮಿಷದಲ್ಲಿ ಆಗುವ ತಿಂಡಿ ಎಂಬ ಮಾತನ್ನು ನಮ್ಮ ಅಮ್ಮ ಮೊದಲು ಕೇಳಿದ್ದು ಅಲ್ಲೇ. "ಎರಡು ನಿಮಿಷದಲ್ಲಿ ಒಗ್ಗರಣೆಯ ಸಾಸಿವೆ ಕೂಡ ಸಿಡಿಯಲ್ಲ" ಎಂದಿದ್ದರು!

1985ರಲ್ಲಿ 'ರಜನಿ' ಬಂದಳು. ಬಾಸು ಚಟರ್ಜಿಯವರ ಧಾರಾವಾಹಿ, ರಜನಿಯಾಗಿ ಪ್ರಿಯಾ ತೆಂಡೂಲ್ಕರ್. ಈಕೆ ನಮಗೆ ಪೂರ್ತಿ ಹೊಸಬರೇನಲ್ಲ. 1980ರಲ್ಲಿ ತೆರೆಕಂಡ 'ಮಿಂಚಿನ ಓಟ'ದಲ್ಲಿ ಅನಂತನಾಗ್, ಶಂಕರನಾಗ್ ಸೋದರರ ಜೊತೆ ಅಭಿನಯಿಸಿದವರು. ಹತ್ತಿಯ ಸೀರೆ, ಹಣೆಯಲ್ಲಿ ಕುಂಕುಮ, ನೋಡಲು ನಮ್ಮ ನಿಮ್ಮ ಹಾಗೆಯೇ ಒಬ್ಬ ಗೃಹಿಣಿ. ಆದರೆ ಅಳತೆಯಲ್ಲಿ ಮೋಸವಾದರೆ, ಕಚೇರಿಯಲ್ಲಿ ಸತಾಯಿಸಿದರೆ ಸುಮ್ಮನೆ ಮನೆಗೆ ಬಂದು ಗಂಡನ ಮುಂದೆ ಗೊಣಗುವವಳಲ್ಲ. ಅಲ್ಲೇ ನಿಂತು ಕೇಳುವವಳು. ಟ್ಯಾಕ್ಸಿಯವರ ಬಗ್ಗೆ ಬಂದ ಕಂತಿಗೆ ಮುಂಬಯಿಯ ಟ್ಯಾಕ್ಸಿ ಚಾಲಕರು ಸಿಟ್ಟಾಗಿ ಪ್ರತಿಭಟನೆ ಮಾಡಿದ್ದೂ ಉಂಟು.

ಆಗ ನಮ್ಮ ಕಡೆ ಸೀಮೆಎಣ್ಣೆ ಕೊಡುವ ಒಂದು ಅಂಗಡಿಯಿತ್ತು. ಲೀಟರ್ ಮಾಪಿಗೆ ಬುಸ್ ಎಂದು ಎಣ್ಣೆ ಬಿಟ್ಟು, ಅರ್ಧ ನೊರೆಯಿರುವಾಗಲೇ ಡಬ್ಬಕ್ಕೆ ಸುರಿದುಬಿಡುತ್ತಿದ್ದರು. ಐದು ಲೀಟರಿಗೆ ಅರ್ಧ ಲೀಟರಾದರೂ ನೊರೆಯೇ. ಇದು ಎಲ್ಲರಿಗೂ ಗೊತ್ತು, ಕೇಳುವವರಿಲ್ಲ. ರಜನಿ ಶುರುವಾದ ಕೆಲವು ವಾರಗಳ ಮೇಲೆ ನಮ್ಮಮ್ಮ, ಟೀಚರಮ್ಮ, ಐದನೇ ಮನೆಯ ಹೊಸ ಸೊಸೆ, ಮೂವರೂ ಒಟ್ಟಿಗೆ ಡಬ್ಬ ಹಿಡಿದು ಹೋದರು. ನಾನು ಬಾಲದಂತೆ ಹಿಂದೆ. ಅಮ್ಮನ ಧ್ವನಿ ನಡುಗುತ್ತಿತ್ತು, ಆದರೂ ಹೇಳಿದರು: "ನೊರೆ ಇಳೀಲಿ ಇವರೇ. ನಮಗೇನೂ ಅವಸರ ಇಲ್ಲ, ಕಾಯ್ತೀವಿ." ಹಿಂದೆ ಸಾಲಿನಲ್ಲಿ ನಿಂತಿದ್ದ ಯಾರೋ ಹೆಂಗಸು, "ನಮಗೂ ಅವಸರ ಇಲ್ಲಪ್ಪ" ಎಂದರು. ಇನ್ನೊಬ್ಬರೂ ಅಂದರು. ಅಂಗಡಿಯಾತ ಎಲ್ಲರನ್ನೂ ಒಮ್ಮೆ ನೋಡಿ, "ಓಹೋ, ರಜನಿಯೋರೆಲ್ಲ ಬಂದ್ಬಿಟ್ರು" ಎಂದು ನಕ್ಕು, ನೊರೆ ಇಳಿಯುವವರೆಗೂ ಕಾದು ಮಾಪು ತುಂಬಿಸಿದ. ಆ ದಿನ ಅಮ್ಮ ಮನೆಗೆ ಬಂದ ನಡಿಗೆಯೇ ಬೇರೆ!

ಆಮೇಲೆ 1986-87ರ ಹೊತ್ತಿಗೆ ಬಂತು ನೋಡಿ, ನಮ್ಮದೇ 'ಮಾಲ್ಗುಡಿ ಡೇಸ್'. ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಅವರ ಕಥೆಗಳು, ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರ, ಶಂಕರನಾಗ್ ನಿರ್ದೇಶನ, ಎಲ್. ವೈದ್ಯನಾಥನ್ ಸಂಗೀತ, ಆಗುಂಬೆಯ ಬೀದಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ನಮ್ಮವರೆಲ್ಲ ಹಿಂದಿ ಮಾತಾಡುತ್ತಿದ್ದರೆ ಮೂಲೆಮನೆ ಅಜ್ಜಿಗೆ ರೇಗುತ್ತಿತ್ತು. "ಇವರಿಗೇನು ಕನ್ನಡ ಬರಲ್ವೇ? ಮನೇಲಿ ಕನ್ನಡಾನೇ ತಾನೆ ಆಡೋದು?" ಎನ್ನುತ್ತಿದ್ದರು. ಆದರೆ ಆ ಹಂಚಿನ ಮನೆ, ಆ ಜಗಲಿ, ಆ ಕಂಬ, ಕಚ್ಚೆಪಂಚೆ ನೋಡುವಾಗ ಟೀಚರಮ್ಮನ ಅನುವಾದ ಬೇಕಾಗುತ್ತಲೇ ಇರಲಿಲ್ಲ. ಇಡೀ ದೇಶವೇ ನಮ್ಮ ಮಲೆನಾಡಿನ ಮಳೆ ನೋಡುತ್ತಿದೆ ಎಂಬ ಹೆಮ್ಮೆ ಒಂದು ಕಡೆ. ಶಂಕರನಾಗ್ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡಾಗ ನಮ್ಮ ವಠಾರದಲ್ಲಿ ಅನ್ನಕ್ಕಿಟ್ಟ ಒಲೆಗಳೂ ಆರಿದವು. ಮನೆಯ ಹುಡುಗನೇ ಹೋದನೆಂದು ಹೆಂಗಸರು ಅತ್ತರು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

1987ರ ಜನವರಿ 25, ಭಾನುವಾರ. ರಾಮಾನಂದ ಸಾಗರರ 'ರಾಮಾಯಣ' ಶುರು. ಬೆಳಗ್ಗೆ ಒಂಬತ್ತೂವರೆಗೆ. ಹೆಂಗಸರ ಪಾಲಿಗೆ ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ, ಯೋಚಿಸಿ ನೋಡಿ! ಭಾನುವಾರವೆಂದರೆ ಮಕ್ಕಳಿಗೆಲ್ಲ ಎಣ್ಣೆ ಹಚ್ಚಿ ಹಂಡೆ ನೀರು ಹಾಕುವ ದಿನ. ಗಂಡಸರು ಮನೆಯಲ್ಲಿರುವ ದಿನ, ಅಂದರೆ ಗಂಟೆಗೊಮ್ಮೆ ಕಾಫಿ. ತಿಂಡಿ ಮುಗಿಯುವ ಮೊದಲೇ ಅಡಿಗೆಯ ಚಿಂತೆ. ಮೊದಲ ಎರಡು ವಾರ ಗಂಡಸರು, ಮಕ್ಕಳು ಓನರಮ್ಮನ ಹಾಲಿನಲ್ಲಿ ಕೂತು ನೋಡಿದರು. ಹೆಂಗಸರು ಸೌಟು ಹಿಡಿದೇ ಬಂದು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಬೇಳೆ ಉಕ್ಕೀತೆಂದು ಓಡಿದರು. ಹೀಗೆ ಓಡಾಡಿ ದಶರಥನ ಯಾಗವೇ ತಪ್ಪಿಹೋಯಿತು.

ಮೂರನೇ ಶನಿವಾರ ಸಂಜೆ ನಲ್ಲಿಯ ಹತ್ತಿರ ಒಂದು ಒಪ್ಪಂದವಾಯಿತು. ಶನಿವಾರ ರಾತ್ರಿಯೇ ರುಬ್ಬುವ ಕಲ್ಲಿನ ಮುಂದೆ ಒಬ್ಬರಾದ ಮೇಲೊಬ್ಬರು ಕೂತು ಎಲ್ಲ ಮನೆಗೂ ಸಾಕಾಗುವಷ್ಟು ಮಸಾಲೆ ರುಬ್ಬಿಡುವುದು. ಭಾನುವಾರ ಒಂದು ಮನೆಯಲ್ಲಿ ದೊಡ್ಡ ಪಾತ್ರೆ ಹುಳಿ, ಒಂದು ಮನೆಯಲ್ಲಿ ಪಲ್ಯ, ಇನ್ನೊಂದರಲ್ಲಿ ಕೋಸಂಬರಿ, ಮತ್ತೊಂದರಲ್ಲಿ ಸಾರು. ಅನ್ನ ಮಾತ್ರ ಅವರವರ ಮನೆಯದು. ಒಂಬತ್ತು ಗಂಟೆಗೆ ಎಲ್ಲ ಪಾತ್ರೆಗಳೂ ಮನೆ ಮನೆಗೆ ಹಂಚಿಹೋಗಬೇಕು. ಮೂಲೆಮನೆ ಅಜ್ಜಿ ಮಡಿಯವರು. ಬೇರೆಯವರು ಬೇಯಿಸಿದ್ದನ್ನು ಮುಟ್ಟುತ್ತಿರಲಿಲ್ಲ. ಆದರೆ ಹಸಿ ತೆಂಗಿನಕಾಯಿಗೆ ಮಡಿ ಅಡ್ಡಿಯಿಲ್ಲವೆಂದು ಎಲ್ಲರ ಮನೆಗೂ ಅವರೇ ಕಾಯಿ ತುರಿದುಕೊಟ್ಟರು.

ಕಾಫಿಯ ಸಮಸ್ಯೆಯನ್ನು ನಮ್ಮಮ್ಮ ಬಗೆಹರಿಸಿದರು. ಆಸ್ಪತ್ರೆಗೆ ಹೋಗುವಾಗ ಮಾತ್ರ ಕೆಳಗಿಳಿಯುತ್ತಿದ್ದ ಫ್ಲಾಸ್ಕನ್ನು ಅಟ್ಟದಿಂದ ಇಳಿಸಿ, ತೊಳೆದು, ತುಂಬ ಕಾಫಿ ಹಾಕಿ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಮೂರು ಲೋಟ. "ಇಲ್ಲಿದೆ. ಬೇಕಾದವರು ಬಗ್ಗಿಸಿಕೊಳ್ಳಿ" ಎಂದು ಅಪ್ಪನಿಗೆ ಹೇಳಿ, ಸೀರೆ ಬದಲಾಯಿಸಿ, ಹೂ ಮುಡಿದು ಹೊರಟೇಬಿಟ್ಟರು. ಅಪ್ಪ ತಾವೇ ಕಾಫಿ ಬಗ್ಗಿಸಿಕೊಂಡದ್ದನ್ನು ನಾನು ಮೊದಲು ನೋಡಿದ್ದು ಆ ಭಾನುವಾರ. ಇದರಲ್ಲೇನು ಮಹಾ ಎನ್ನುತ್ತೀರಾ? ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಹಗಲು ಹೊತ್ತು ಒಂದು ಗಂಟೆ ಯಾರಿಗೂ ಏನೂ ಬಡಿಸದೆ ಕೂತದ್ದು ಅಮ್ಮನಿಗೆ ಅದೇ ಮೊದಲು. ಸಿನಿಮಾಕ್ಕೆ ಹೋದರೆ "ಮಕ್ಕಳನ್ನು ಬಿಟ್ಟು ಹೋದಳು" ಎನ್ನುವವರಿದ್ದರು. ರಾಮಾಯಣ ನೋಡಲು ಹೋದವಳನ್ನು ಯಾರು ತಾನೆ ಏನನ್ನಬಲ್ಲರು! ರಾಮನ ಹೆಸರಿನಲ್ಲಿ ನಮ್ಮ ಅಮ್ಮಂದಿರಿಗೆ ವಾರಕ್ಕೊಂದು ಗಂಟೆ ರಜೆ ಸಿಕ್ಕಿತು.

ರಾಮಾಯಣಕ್ಕೆ ಅನುವಾದವೂ ಬೇಕಿರಲಿಲ್ಲ. ಅಜ್ಜಿಗೆ ಹಿಂದಿಯ ಒಂದಕ್ಷರ ಬಾರದು, ಕಥೆ ಮಾತ್ರ ಎಲ್ಲರಿಗಿಂತ ಮುಂದಾಗಿ ಗೊತ್ತು. "ಈಗ ನೋಡಿ, ಆ ಮಂಥರೆ ಬರ್ತಾಳೆ" ಎನ್ನುವುದು, ಮಂಥರೆ ಬರುವುದು. ಟೀಚರಮ್ಮನಿಗೆ ಆ ಒಂದು ಗಂಟೆ ಕೆಲಸವೇ ಇಲ್ಲ! ಟಿ.ವಿ.ಗೇ ಹಾರ ಹಾಕಿ ಊದುಬತ್ತಿ ಹಚ್ಚುತ್ತಿದ್ದ ಮನೆಗಳ ಸುದ್ದಿ ನೀವೂ ಕೇಳಿರುತ್ತೀರಿ. ನಮ್ಮಲ್ಲಿ ಅಷ್ಟಿಲ್ಲ, ಓನರಮ್ಮ ಪ್ಲಾಸ್ಟಿಕ್ ಹೂಜಿ ತೆಗೆದು ಒಂದು ಲೋಟದಲ್ಲಿ ದಾಸವಾಳ ಇಡುತ್ತಿದ್ದರು.

ಹಿಂದಿನದನ್ನು ನೆನೆಯುವಾಗ ನಾವೆಲ್ಲ ಒಂದು ಮಾತು ಆಡುತ್ತೇವೆ: "ಆಗ ಎಲ್ಲರೂ ಒಟ್ಟಿಗೆ ಕೂತು ನೋಡ್ತಿದ್ವಿ." ಎಲ್ಲರೂ ಎಂದರೆ ಯಾರು ಯಾರು? ನಮ್ಮ ಓನರಮ್ಮನ ಹಾಲಿನಲ್ಲಿ ಗಂಡಸರಿಗೆ ಕುರ್ಚಿ, ಹೆಂಗಸರಿಗೆ ಜಮಖಾನೆ, ಮಕ್ಕಳಿಗೆ ಬರಿಯ ನೆಲ. ಏಳೂ ಮನೆಯ ಪಾತ್ರೆ ತಿಕ್ಕಲು ಬರುತ್ತಿದ್ದ ಹೆಂಗಸು, ಅವಳ ಎಂಟು ವರ್ಷದ ಮಗಳು ಮಾತ್ರ ಹೊರಗೆ, ಕಿಟಕಿಯ ಸರಳು ಹಿಡಿದು ನಿಂತು ನೋಡುತ್ತಿದ್ದರು. ಬರಬೇಡವೆಂದು ಯಾರೂ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಓನರಮ್ಮ ಕೆಟ್ಟವರಲ್ಲ. ಹಬ್ಬಕ್ಕೆ ಅವಳಿಗೆ ಸೀರೆ ಕೊಡುತ್ತಿದ್ದರು, ಮಗುವಿಗೆ ಜ್ವರ ಬಂದರೆ ಮಾತ್ರೆ ಕೊಡುತ್ತಿದ್ದರು. ಆದರೆ ಹಾಲು ಬೇರೆ, ಅಂಗಳ ಬೇರೆ. ಅದು ಹಾಗೆಯೇ ನಡೆದು ಬಂದದ್ದು.

ಆ ವರ್ಷದ ಮಳೆಗಾಲದ ಒಂದು ಭಾನುವಾರ. ಬೆಳಗ್ಗೆಯೇ ಜಿಟಿಜಿಟಿ ಮಳೆ. ತಾಯಿ ಮಗಳು ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕಿಟಕಿಯ ಸಜ್ಜೆಯಡಿ ನಿಂತಿದ್ದರು. ಜಾಹೀರಾತು ಬರುತ್ತಿದ್ದಾಗ ಅಜ್ಜಿ ತಾವು ಕೂತಿದ್ದ ಮಣೆ ಎತ್ತಿಕೊಂಡು ಎದ್ದರು. ಬಚ್ಚಲಿಗೆ ಹೊರಟರೇನೋ ಎಂದುಕೊಂಡೆವು. ಅವರು ಛತ್ರಿ ಬಿಚ್ಚಿ ಅಂಗಳಕ್ಕಿಳಿದು, ಕಿಟಕಿಯ ಹತ್ತಿರದ ಕಟ್ಟೆಯ ಮೇಲೆ ಮಣೆ ಹಾಕಿ, ಆ ಹೆಂಗಸಿನ ಪಕ್ಕದಲ್ಲಿ ಕೂತೇಬಿಟ್ಟರು. ಛತ್ರಿಯನ್ನು ಮಗುವಿನ ತಲೆಯ ಮೇಲೆ ಹಿಡಿದರು.

"ಅಯ್ಯೋ ಅಜ್ಜಮ್ಮೋರೇ, ನೆನೀತೀರ, ಒಳೀಕ್ ಹೋಗಿ!"

"ಒಳಗೆ ಉಸಿರು ಕಟ್ಟುತ್ತೆ ಕಣೇ. ಇಲ್ಲೇ ಚೆನ್ನಾಗಿ ಕಾಣ್ಸುತ್ತೆ. ನೀನು ನೋಡು."

ಇಷ್ಟೇ ಮಾತು. ಪಕ್ಕದ ಮನೆಯ ಹುಳಿಯನ್ನು ತಿನ್ನದ ಮಡಿ ಅಜ್ಜಿ! ಹಾಲಿನಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ಮನೆಗೆ ಹೋಗಿ ಎರಡನೇ ಸಲ ಸ್ನಾನ ಮಾಡಿದರು ಎಂದು ಐದನೇ ಮನೆಯವರು ನೋಡಿ ಹೇಳಿದರು. ಮಾಡಿರಬಹುದು. ಆದರೆ ಮುಂದಿನ ಭಾನುವಾರವೂ ಅಜ್ಜಿ ಕಟ್ಟೆಯ ಮೇಲೇ ಕೂತರು. ನಮ್ಮಮ್ಮನೂ ಒಂದು ಚಾಪೆ ಹಿಡಿದು ಅಲ್ಲಿಗೆ ಹೋದರು, ಹಿಂದೆಯೇ ಟೀಚರಮ್ಮ. ಒಳಗೆ ಕುರ್ಚಿಗಳ ಮೇಲೆ ಗಂಡಸರು ಮಾತ್ರ ಉಳಿದರು.

ಮೂರನೇ ವಾರ ನಾವು ಹೋಗಿ ನೋಡುತ್ತೇವೆ, ಟಿ.ವಿ. ತನ್ನ ಮೂಲೆಯಲ್ಲಿಲ್ಲ! ಓನರಮ್ಮ ಹತ್ತು ಗಜ ವೈರು ತರಿಸಿ, ಮೇಜನ್ನು ತಲಬಾಗಿಲ ಹತ್ತಿರಕ್ಕೆ ಎಳೆಸಿ, ಟಿ.ವಿ.ಯ ಮುಖವನ್ನು ಹೊರಗಿನ ಜಗಲಿಯ ಕಡೆಗೆ ತಿರುಗಿಸಿದ್ದರು. ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. "ಒಳಗೆ ಸೆಕೆ, ಇನ್ಮೇಲೆ ಇಲ್ಲೇ" ಎಂದರು, ಅಷ್ಟೆ. ಜಗಲಿಯಲ್ಲಿ ಕುರ್ಚಿ ಹಿಡಿಸಲಿಲ್ಲ. ಮೂವತ್ತನಾಲ್ಕು ಜನ, ಮೇಲಿಬ್ಬರು, ಎಲ್ಲರೂ ನೆಲದ ಮೇಲೆ. ಅವಳನ್ನು ಓನರಮ್ಮ ಒಳಕ್ಕೆ ಕರೆಯಲಿಲ್ಲ, ನಿಜ. ಟಿ.ವಿ.ಯನ್ನೇ ಹೊರಕ್ಕೆ ತಂದರು. ಅರ್ಧ ದಾರಿಯೇ ಇರಬಹುದು, ಆದರೆ ಆ ಅರ್ಧವನ್ನು ಅವರು ನಡೆದರು.

ಅದರ ಫಲ ಕಾಣಿಸಿದ್ದು ಬಿ.ಆರ್. ಚೋಪ್ರಾರ 'ಮಹಾಭಾರತ'ದಲ್ಲಿ. 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ 94 ಕಂತು ಬಂತಲ್ಲ, ಅದರಲ್ಲಿ ದ್ರೌಪದಿಯ ವಸ್ತ್ರಾಪಹರಣದ ಭಾನುವಾರ. ರೂಪಾ ಗಂಗೂಲಿ ಸಭೆಯ ನಡುವೆ ನಿಂತು ಒಬ್ಬೊಬ್ಬರನ್ನೇ ಪ್ರಶ್ನೆ ಮಾಡುತ್ತಿದ್ದರೆ ಜಗಲಿಯಲ್ಲಿ ಉಸಿರಿನ ಸದ್ದಿಲ್ಲ. ಕಂತು ಮುಗಿದಾಗ ಪಾತ್ರೆಯ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಅಷ್ಟೊಂದ್ ಜನ ಗಂಡಸ್ರು ಕೂತಿದ್ರಲ್ಲಮ್ಮ" ಎಂದಳು. ಅವಳ ಗಂಡ ಹೊಡೆಯುತ್ತಾನೆಂಬುದು ವಠಾರಕ್ಕೆಲ್ಲ ಗೊತ್ತಿತ್ತು. ರಸ್ತೆಯಲ್ಲೇ ಹೊಡೆದದ್ದನ್ನು ನೋಡಿದವರೂ ಅಲ್ಲಿ ಕೂತಿದ್ದರು. ಯಾರೂ ಮಾತಾಡಲಿಲ್ಲ. ಆದರೆ ಮತ್ತೊಮ್ಮೆ ಅವನು ಕುಡಿದು ಗೇಟಿನ ಹತ್ತಿರ ಬಂದು ಕೂಗಾಡಿದಾಗ, ಏಳೂ ಮನೆಯ ಹೆಂಗಸರು ಹೊರಗೆ ಬಂದು ಅವನ ಎದುರಿಗೆ ನಿಂತರು. ಹಿಂದೆ ಗಂಡಸರೂ ಬಂದರು. ಅವನು ಹೊರಟುಹೋದ. ಒಂದೇ ಜಗಲಿಯಲ್ಲಿ ಕೂತು ಒಂದೇ ಕಥೆಗೆ ಅತ್ತವರು ಆಮೇಲೆ ಪರಕೀಯರಾಗಿ ಉಳಿಯುವುದು ಕಷ್ಟ.

ಮಗುವಿನ ವಿಷಯ ಹೇಳದಿದ್ದರೆ ನೀವು ಬಿಡುವುದಿಲ್ಲ. 1989ರಲ್ಲಿ 'ಉಡಾನ್' ಬಂತು. ಐ.ಪಿ.ಎಸ್. ಅಧಿಕಾರಿಯಾಗುವ ಹುಡುಗಿಯ ಕಥೆ. ಬರೆದು, ನಿರ್ದೇಶಿಸಿ, ಅಭಿನಯಿಸಿದವರು ಕವಿತಾ ಚೌಧರಿ. ಸರ್ಫ್ ಜಾಹೀರಾತಿನ ಲಲಿತಾಜಿ ಎಂದರೆ ಥಟ್ಟನೆ ಗುರುತು ಸಿಕ್ಕೀತು. ತಮ್ಮ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯರ ಬದುಕನ್ನೇ ಆಧರಿಸಿ ಬರೆದದ್ದಂತೆ. ಆ ಅಕ್ಕ 2004ರಲ್ಲಿ ಉತ್ತರಾಖಂಡದ ಪೊಲೀಸ್ ಮಹಾನಿರ್ದೇಶಕಿಯಾದರು, ದೇಶದಲ್ಲೇ ಆ ಹುದ್ದೆಗೇರಿದ ಮೊದಲ ಮಹಿಳೆ. ಕವಿತಾ 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ನಮ್ಮ ಜಗಲಿಯ ಆ ಪುಟ್ಟ ಹುಡುಗಿ 'ಉಡಾನ್' ನೋಡಿ, "ನಾನೂ ಖಾಕಿ ಹಾಕ್ತೀನಿ" ಎಂದಿದ್ದಳು. ಟೀಚರಮ್ಮ ಸಂಜೆ ಕೂರಿಸಿಕೊಂಡು ಪಾಠ ಹೇಳಿದರು, ಎಸ್.ಎಸ್.ಎಲ್.ಸಿ. ಪಾಸಾಯಿತು. ಮುಂದೆ ಅವಳು ಬಸ್ ಕಂಡಕ್ಟರ್ ಆದಳು. ಪೊಲೀಸ್ ಆಗಲಿಲ್ಲ, ಆದರೆ ಖಾಕಿ ಹಾಕಿದಳು!

ಆಮೇಲಿನದು ನಿಮಗೇ ಗೊತ್ತು. ಒಂದೊಂದಾಗಿ ಎಲ್ಲ ಮನೆಗೂ ಟಿ.ವಿ. ಬಂತು. ನಮ್ಮ ಮನೆಗೂ ಬಂದ ದಿನ ನಾನು ಕುಣಿದಾಡಿದ್ದೇ. ತೊಂಬತ್ತರ ದಶಕದಲ್ಲಿ ಕೇಬಲ್ ಬಂತು, 1994ರಲ್ಲಿ ಉದಯ ಟಿ.ವಿ. ಬಂತು. ಹಿಂದಿ ಬಾರದ ಅಜ್ಜಿಯರಿಗೆಲ್ಲ ಹಗಲು ರಾತ್ರಿ ಕನ್ನಡ ಸಿಕ್ಕಿತು. ಇದನ್ನು ನಷ್ಟವೆಂದು ನಾನು ಹೇಳಲಾರೆ. ಆದರೆ ಶನಿವಾರ ರಾತ್ರಿ ರುಬ್ಬುವ ಕಲ್ಲಿನ ಸುತ್ತ ಕೂರುವುದು ನಿಂತಿತು. ಹುಳಿ ಅವರವರ ಮನೆಯಲ್ಲೇ ಕುದಿಯಿತು. ಅಮ್ಮ ಅಡಿಗೆಮನೆಯಿಂದಲೇ ಕಿವಿಗೊಟ್ಟು ಟಿ.ವಿ. 'ಕೇಳುವುದು' ಶುರುವಾಯಿತು. ನಮ್ಮದೇ ಟಿ.ವಿ. ಬಂದ ಮೇಲೆ ಅಮ್ಮನ ಆ ಒಂದು ಗಂಟೆ ಹೋಯಿತು.

2020ರ ಮಾರ್ಚ್ 28ರಂದು, ದೇಶವೆಲ್ಲ ಬೀಗ ಹಾಕಿಕೊಂಡು ಕೂತಿದ್ದಾಗ, ದೂರದರ್ಶನದಲ್ಲಿ ಮತ್ತೆ ರಾಮಾಯಣ ಹಾಕಿದರಲ್ಲ, ಆಗ ಅಮ್ಮನಿಗೆ ಎಪ್ಪತ್ತು ದಾಟಿತ್ತು. ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದ ಟೀಚರಮ್ಮನಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದರು. ಅಲ್ಲಿಂದ ಅವರು, ಇಲ್ಲಿಂದ ಇವರು, ಇಬ್ಬರೂ ಒಟ್ಟಿಗೆ ನೋಡುವುದು. "ಈಗ ನಿನಗೆ ಹಿಂದಿ ಅರ್ಥವಾಗುತ್ತಲ್ಲಮ್ಮ" ಎಂದರೆ, "ಆಗುತ್ತೆ. ಆದ್ರೂ ಅವರು ಹೇಳಿದ್ರೇ ಚೆಂದ" ಎಂದರು. ಅಜ್ಜಿಯಾಗಲಿ ಓನರಮ್ಮನಾಗಲಿ ಆಗ ಇರಲಿಲ್ಲ. ಮಂಥರೆ ಬರುವ ಹೊತ್ತಿಗೆ ಇಬ್ಬರೂ ಒಂದೇ ಸಲಕ್ಕೆ ಅಜ್ಜಿಯ ಮಾತನ್ನು ಹೇಳಿ ನಕ್ಕದ್ದು ನನಗೆ ಪಕ್ಕದ ಕೋಣೆಗೂ ಕೇಳಿಸಿತು.

ಆ ಕಾಲ ಮತ್ತೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಒಂದೇ ನಲ್ಲಿಯ ವಠಾರ ಯಾರಿಗೆ ಬೇಕು ಹೇಳಿ! ಆದರೆ ಆ ಒಂದು ಗಂಟೆ ತಾನಾಗಿ ಬಂದದ್ದಲ್ಲ. ನಾಲ್ಕು ಹೆಂಗಸರು ನಲ್ಲಿಯ ಹತ್ತಿರ ನಿಂತು ಮಾತಾಡಿ ಮಾಡಿಕೊಂಡದ್ದು. ಒಬ್ಬ ಅಜ್ಜಿ ಮಣೆ ಎತ್ತಿಕೊಂಡು ಹೊರಗೆ ಹೋದದ್ದಕ್ಕೆ ಅದು ದೊಡ್ಡದಾದದ್ದು. ಅಷ್ಟನ್ನು ನಾವು ಈಗಲೂ ಮಾಡಬಹುದು. ವಾರಕ್ಕೊಂದು ದಿನ ಎಲ್ಲರ ಮೊಬೈಲನ್ನೂ ಪಕ್ಕಕ್ಕಿಟ್ಟು ಒಂದೇ ಪರದೆಯ ಮುಂದೆ ಕೂರಿ. ಹಳೆಯ ಮಾಲ್ಗುಡಿಯೇ ಆಗಲಿ, ಮಕ್ಕಳು ಮೆಚ್ಚುವ ಹೊಸದೇ ಆಗಲಿ. ಅತ್ತೆಗೆ ಅರ್ಥವಾಗದ ಮಾತನ್ನು ಮೊಮ್ಮಗಳು ಹೇಳಲಿ. ಕೆಲಸಕ್ಕೆ ಬಂದಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ಒಂದು ಕುರ್ಚಿ ಎಳೆದು ಕೂರಲು ಹೇಳಿ. ಅಡಿಗೆ ಹಿಂದಿನ ರಾತ್ರಿಯೇ ಅರ್ಧ ಮುಗಿಸಿಡಿ, ಇಲ್ಲವೇ ಪಕ್ಕದ ಫ್ಲಾಟಿನವರೊಡನೆ ಹುಳಿಗೂ ಪಲ್ಯಕ್ಕೂ ಒಂದು ಒಪ್ಪಂದ ಮಾಡಿಕೊಳ್ಳಿ.

ಕಾಫಿಯ ಚಿಂತೆ ಬೇಡ. ಫ್ಲಾಸ್ಕಿನಲ್ಲಿ ಹಾಕಿಡಿ. ಬೇಕಾದವರು ಬಗ್ಗಿಸಿಕೊಳ್ಳುತ್ತಾರೆ.